ಐಸ್‌ಲ್ಯಾಂಡಿನಲ್ಲಿ ಕುದುರೆ ಹತ್ತುವ ಮುಂಚೆ: ಎಲ್ಲಿ, ಎಷ್ಟು ಹೊತ್ತು, ಯಾವುದರ ಜೊತೆಗೆ?

ನಾವು ಮಾಡಿದ ದೊಡ್ಡ ತಪ್ಪು ಮೊದಲನೇ ದಿನವೇ ಆಯಿತು. ಬೆಳಿಗ್ಗೆ ಕುದುರೆ ಸವಾರಿ, ಮಧ್ಯಾಹ್ನ ಬಸ್ಸಿನಲ್ಲಿ ಗೋಲ್ಡನ್ ಸರ್ಕಲ್, ಅಂದರೆ ಥಿಂಗ್ವೆಟ್ಲಿರ್, ಗೇಸಿರ್, ಗುಲ್‌ಫಾಸ್ ಜಲಪಾತ ಈ ಮೂರು ಜಾಗಗಳ ಸುತ್ತು. ಎರಡಕ್ಕೂ ಸೇರಿ ಒಂದೇ ಟಿಕೆಟ್ಟು. ಬೇರೆ ಬೇರೆಯಾಗಿ ತೆಗೆದುಕೊಂಡರೆ ಆಗುವುದಕ್ಕಿಂತ ಸ್ವಲ್ಪ ಅಗ್ಗ ಅಂತ ಬೆಂಗಳೂರಿನಲ್ಲಿ ಕೂತೇ ಬುಕ್ ಮಾಡಿದ್ದೆ. ಸವಾರಿ ಅಂತ ಹೇಳಿದ್ದು ಒಂದು ಗಂಟೆ. ಅದರಲ್ಲಿ ಹೆಲ್ಮೆಟ್ ಹಾಕಿ, ಜೀನು ಬಿಗಿದು, ಲಗಾಮು ಹಿಡಿಯುವುದು ಹೇಗೆ ಅಂತ ಕಲಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಇಪ್ಪತ್ತು ಜನರ ಸಾಲು. ಮುಂದಿನ ಕುದುರೆಯ ಬಾಲ ನೋಡಿಕೊಂಡು ನಿಧಾನಕ್ಕೆ ಒಂದು ಸುತ್ತು. ಇಳಿದ ಕೂಡಲೇ ಬಸ್ಸು ಹಾರ್ನ್ ಮಾಡುತ್ತಿತ್ತು. ಸಂಜೆ ಜಲಪಾತದ ಮುಂದೆ ನಿಂತಾಗ ತೊಡೆ ನೋವು, ಹೊಟ್ಟೆ ಹಸಿವು, ಮಗಳ ಮುಖ ಊದಿಕೊಂಡಿತ್ತು. ಎರಡೂ ಆಯಿತು, ಎರಡೂ ಆಗಲಿಲ್ಲ.

ಐದು ದಿನ ಬಿಟ್ಟು ಇನ್ನೊಂದು ಊರಿನಲ್ಲಿ, ಇನ್ನೊಂದು ಲಾಯದಲ್ಲಿ ಮತ್ತೆ ಹತ್ತಿದೆವು. ಈ ಸಲ ಎರಡೂವರೆ ಗಂಟೆ, ಆರೇ ಜನ. ಅದೇ ದೇಶ, ಅದೇ ತಳಿಯ ಕುದುರೆ. ಅನುಭವ ಮಾತ್ರ ಪೂರ್ತಿ ಬೇರೆ. ಹಾಗಾಗಿ ಯಾರಾದರೂ ‘ಐಸ್‌ಲ್ಯಾಂಡಿನಲ್ಲಿ ಎಲ್ಲಿ ಕುದುರೆ ಹತ್ತಬೇಕು’ ಅಂತ ಕೇಳಿದರೆ ನಾನು ಊರಿನ ಹೆಸರು ಹೇಳುವುದಕ್ಕೆ ಮುಂಚೆ ಎಷ್ಟು ಹೊತ್ತು ಅಂತ ಕೇಳುತ್ತೇನೆ.

ಈ ಕುದುರೆ ಯಾಕೆ ಬೇರೆ

ಊಟಿಯಲ್ಲಿ ಕುದುರೆ ಹತ್ತಿದವರಿಗೆ ಗೊತ್ತು. ಹುಡುಗನೊಬ್ಬ ಹಗ್ಗ ಹಿಡಿದು ಕೆರೆ ಬದಿಯಲ್ಲಿ ನಡೆಸುತ್ತಾನೆ, ಫೋಟೋ ತೆಗೆಸಿಕೊಂಡು ಇಳಿಯುತ್ತೇವೆ. ಐಸ್‌ಲ್ಯಾಂಡಿನಲ್ಲಿ ಲಗಾಮು ನಿಮ್ಮ ಕೈಯಲ್ಲೇ. ಮೊದಲ ಸಲ ಹತ್ತುವವರಿಗೂ ಅಷ್ಟೇ. ಗೈಡ್ ಮುಂದೆ ಒಬ್ಬರು, ಹಿಂದೆ ಒಬ್ಬರು ಇರುತ್ತಾರೆ. ನಡುವೆ ನೀವು, ನಿಮ್ಮ ಕುದುರೆ.

ಕುದುರೆ ಕುಳ್ಳಗೆ, ಗಟ್ಟಿಮುಟ್ಟಾಗಿ ಇರುತ್ತದೆ. ಭುಜದ ಎತ್ತರ ಸುಮಾರು 130ರಿಂದ 145 ಸೆಂಟಿಮೀಟರ್. ನೋಡಿದ ಕೂಡಲೇ ‘ಅಯ್ಯೋ, ತಟ್ಟು’ ಅನ್ನಿಸುತ್ತದೆ. ಅದನ್ನು ಅವರ ಮುಂದೆ ಮಾತ್ರ ಹೇಳಬೇಡಿ. ಅವರ ಪಾಲಿಗೆ ಅದು ಕುದುರೆಯೇ, ತಟ್ಟು ಅಲ್ಲ. ಒಂಬತ್ತು, ಹತ್ತನೇ ಶತಮಾನದಲ್ಲಿ ನಾರ್ವೆ ಕಡೆಯಿಂದ ಬಂದು ನೆಲೆಸಿದವರು ಹಡಗಿನಲ್ಲಿ ತಂದ ಕುದುರೆಗಳ ಸಂತತಿ ಇವು. ಆಮೇಲೆ ಹೊರಗಿನ ಕುದುರೆ ಒಳಗೆ ಬರುವುದನ್ನೇ ನಿಲ್ಲಿಸಿದರು. ಇವತ್ತಿಗೂ ಅದೇ ನಿಯಮ. ಐಸ್‌ಲ್ಯಾಂಡಿನಲ್ಲೇ ಹುಟ್ಟಿದ ಕುದುರೆ ಕೂಡ ಒಮ್ಮೆ ದೇಶ ಬಿಟ್ಟರೆ ವಾಪಸ್ ಬರುವಂತಿಲ್ಲ. ಹೊರದೇಶದ ಪಂದ್ಯಕ್ಕೆ ಹೋದ ಸವಾರರು ಎಷ್ಟೇ ಒಳ್ಳೆಯ ಕುದುರೆ ಇದ್ದರೂ ಅಲ್ಲೇ ಬಿಟ್ಟು ಬರಬೇಕು. ಇದನ್ನು ಹೇಳುವಾಗ ನಮ್ಮ ಗೈಡ್ ಹುಡುಗಿ ತನ್ನ ಕುದುರೆಯ ಕತ್ತು ಸವರುತ್ತಿದ್ದಳು.

ಈ ಕಟ್ಟುಪಾಡು ಸುಮ್ನೆ ಅಲ್ಲ. ಹೊರಗಿನ ರೋಗಗಳನ್ನು ನೋಡದ ಕುದುರೆಗಳಿವು. ಹಾಗಾಗಿ ನೀವು ಬೇರೆ ಕಡೆ ಸವಾರಿಗೆ ಬಳಸಿದ ಗ್ಲೌಸ್, ಚಾವಟಿ, ಜೀನು ತರುವಂತಿಲ್ಲ. ಬಳಸಿದ ಸವಾರಿ ಬಟ್ಟೆ ತರುವುದಾದರೆ ಚೆನ್ನಾಗಿ ಒಗೆದಿರಬೇಕು, ಬೂಟು ಸೋಂಕು ನಿವಾರಕ ಹಾಕಿ ತೊಳೆದಿರಬೇಕು. ಬೆಂಗಳೂರಿನಲ್ಲಿ ಸವಾರಿ ಕಲಿಯುತ್ತಿರುವ ಮಕ್ಕಳಿದ್ದರೆ ಈ ಮಾತು ನೆನಪಿರಲಿ. ಹೆಲ್ಮೆಟ್, ಮಳೆಯ ಕೋಟು ಎಲ್ಲ ಲಾಯದವರೇ ಸಾಮಾನ್ಯವಾಗಿ ಕೊಡುತ್ತಾರೆ.

ಇನ್ನು ನಡಿಗೆ. ಸಾಮಾನ್ಯ ಕುದುರೆಗೆ ನಡೆಯುವುದು, ಟ್ರಾಟ್ (ಚುರುಕು ಹೆಜ್ಜೆ), ಓಟ ಇಷ್ಟು ಬರುತ್ತದೆ. ಇವುಗಳಿಗೆ ಇನ್ನೆರಡು ಗೊತ್ತು. ಒಂದು ‘ಟೋಲ್ಟ್’. ಇನ್ನೊಂದು ‘ಸ್ಕೇಯ್ದ್’ ಅನ್ನುವ ಬಿರುಸಿನ ಓಟ. ಅದು ಪಂದ್ಯದವರಿಗೆ, ಎಲ್ಲ ಕುದುರೆಗೂ ಬರುವುದೂ ಇಲ್ಲ. ನಮಗೆ ಬೇಕಾದ್ದು ಟೋಲ್ಟ್. ಅದರಲ್ಲಿ ಯಾವಾಗಲೂ ಒಂದಾದರೂ ಗೊರಸು ನೆಲದ ಮೇಲೆ ಇರುತ್ತದೆ. ಕುದುರೆ ಗಾಳಿಯಲ್ಲಿ ಎಗರುವುದೇ ಇಲ್ಲ, ಹಾಗಾಗಿ ಮೇಲೆ ಕೂತವರನ್ನು ಕುಕ್ಕುವುದೂ ಇಲ್ಲ. ಕೈಯಲ್ಲಿ ತುಂಬಿದ ಬಿಯರ್ ಗ್ಲಾಸ್ ಹಿಡಿದು ತುಳುಕಿಸದೆ ಹೋಗುವ ಸ್ಪರ್ಧೆಯನ್ನೇ ಇಡುತ್ತಾರೆ. ಕುದುರೆಗಳಿಗೆ ಇಂಥ ನಡಿಗೆ ಬರುವುದರ ಹಿಂದೆ ಒಂದು ವಂಶವಾಹಿಯ (ಜೀನ್) ಬದಲಾವಣೆ ಇದೆ ಅಂತ 2012ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು.

ಮಾತು ಇಲ್ಲಿಗೇ ಬರುತ್ತದೆ. ಟೋಲ್ಟ್ ಸಿಗದಿದ್ದರೆ ಅಷ್ಟು ದೂರ ಹೋಗಿ ಇದೇ ಕುದುರೆ ಹತ್ತಿದ್ದಕ್ಕೆ ಏನು ಅರ್ಥ?

ಒಂದು ಗಂಟೆಯೋ, ಅರ್ಧ ದಿನವೋ

ಒಂದು ಗಂಟೆಯ ಸವಾರಿ ಪೂರ್ತಿ ಹೊಸಬರಿಗೆ ಅಂತಲೇ ಇರುವುದು. ಹೆಚ್ಚು ಹೊತ್ತು ನಡಿಗೆಯಲ್ಲೇ ಹೋಗುತ್ತದೆ. ಟೋಲ್ಟ್ ಸಿಕ್ಕರೆ ಐದು ನಿಮಿಷ. ಗುಂಪಿನಲ್ಲಿ ಒಬ್ಬರು ಹೆದರಿದರೂ ಎಲ್ಲರೂ ನಿಧಾನ. ತಪ್ಪು ಅನ್ನುವುದಿಲ್ಲ, ಹಾಗೇ ಮಾಡಬೇಕು. ಆದರೆ ಕೂತ ಭಂಗಿ ಸರಿಹೋಗಿ, ಹೆದರಿಕೆ ಹೋಗಿ, ‘ಈಗ ಗೊತ್ತಾಯಿತು’ ಅನ್ನುವಷ್ಟರಲ್ಲಿ ಲಾಯ ಬಂದಿರುತ್ತದೆ. ಚಿಕ್ಕ ಮಕ್ಕಳು ಜೊತೆಗಿದ್ದರೆ, ಪ್ರಾಣಿ ಕಂಡರೆ ಸ್ವಲ್ಪ ಭಯ ಇರುವವರಾದರೆ ಇದು ಸಾಕು.

ಎರಡರಿಂದ ಮೂರು ಗಂಟೆಯದು ನನ್ನ ಆಯ್ಕೆ. ಎರಡನೇ ಸಲ ನಮಗೆ ಆದದ್ದು ಹೀಗೆ. ಮೊದಲ ಅರ್ಧ ಗಂಟೆ ನಡಿಗೆ. ಆಮೇಲೆ ಗೈಡ್ ಗುಂಪನ್ನು ಎರಡು ಮಾಡಿದಳು, ನಿಧಾನ ಬೇಕಾದವರು ಒಂದು ಕಡೆ, ಜೋರು ಬೇಕಾದವರು ಇನ್ನೊಂದು ಕಡೆ. ನನ್ನ ಹೆಂಡತಿ ಜೋರಿನ ಕಡೆ ಹೋದಳು, ನಾನು ಮಗಳ ಜೊತೆ ನಿಧಾನದ ಕಡೆ ಉಳಿದೆ. ನಡುವೆ ಒಂದು ತೊರೆಯ ಹತ್ತಿರ ಇಳಿದು ಕುದುರೆಗಳನ್ನು ಮೇಯಲು ಬಿಟ್ಟೆವು. ವಾಪಸ್ ಬರುವಾಗ ಮನೆ ಕಡೆ ಮುಖ ಮಾಡಿದ ಕುದುರೆಗಳು ತಾವಾಗಿಯೇ ಚುರುಕಾದವು. ಅಲ್ಲಿ ಟೋಲ್ಟ್ ಸಿಕ್ಕಿತು. ಗಟ್ಟಿ ರಸ್ತೆಯಲ್ಲಿ ಹೊಸ ಬಸ್ಸಿನಲ್ಲಿ ಕೂತ ಹಾಗೆ ಇರುತ್ತದೆ ಅಂತ ಹೇಳಿದರೆ ನಗಬೇಡಿ, ನನಗೆ ಹೊಳೆದದ್ದು ಅದೇ. ಕೆಳಗೆ ಗೊರಸಿನ ಟಕಟಕ ಸದ್ದು, ಮೇಲೆ ಅಲುಗಾಟವೇ ಇಲ್ಲ.

ಪೂರ್ತಿ ದಿನದ ಸವಾರಿಯೂ ಇದೆ. ರಾಜಧಾನಿ ರೇಕ್ಯಾವಿಕ್‌ನಿಂದ ಸುಮಾರು 45 ಕಿಲೋಮೀಟರ್ ದೂರದ ಕ್ವೆರಗರ್ಡಿ ಊರಿನಿಂದ ರೇಕ್ಯಡಾಲುರ್ ಕಣಿವೆಯ ಬಿಸಿನೀರಿನ ತೊರೆಗೆ ಕುದುರೆ ಮೇಲೆ ಹೋಗಿ, ಅಲ್ಲಿ ಸ್ನಾನ ಮಾಡಿ ವಾಪಸ್ ಬರುವುದು. ಕೇಳಲಿಕ್ಕೆ ತುಂಬ ಚೆಂದ. ಆದರೆ ಒಮ್ಮೆಯೂ ಕುದುರೆ ಹತ್ತದವರು ಅಷ್ಟು ಹೊತ್ತು ಕೂತರೆ ಮಾರನೇ ದಿನ ಮೆಟ್ಟಿಲು ಹತ್ತುವಾಗ ನನ್ನನ್ನು ಬೈದುಕೊಳ್ಳುತ್ತೀರಿ. ಆ ತೊರೆಗೆ ನಡೆದುಕೊಂಡೂ ಹೋಗಬಹುದು, ಒಂದು ಕಡೆಗೆ ಸುಮಾರು ಒಂದು ಗಂಟೆ. ಬೆಳಿಗ್ಗೆ ಎರಡು ಗಂಟೆ ಸವಾರಿ, ಮಧ್ಯಾಹ್ನ ಊಟ, ಸಂಜೆ ನಡೆದು ಹೋಗಿ ಬಿಸಿನೀರಿನಲ್ಲಿ ತೊಡೆ ನೆನೆಸುವುದು. ಇದಕ್ಕಿಂತ ಒಳ್ಳೆಯ ದಿನ ನಮಗೆ ಆ ಪ್ರವಾಸದಲ್ಲಿ ಸಿಗಲಿಲ್ಲ.

ಇನ್ನು ಐದಾರು ದಿನದ ಸವಾರಿಗಳು. ಲಾಂಗ್‌ಯೋಕುಟ್ಲ್, ಹೋಫ್ಸ್‌ಯೋಕುಟ್ಲ್ ಅನ್ನುವ ಎರಡು ಹಿಮನದಿಗಳ ನಡುವಿನ ಹಳೆಯ ಕ್ಯೋಲುರ್ ದಾರಿಯಲ್ಲಿ ದೇಶದ ನಡುಭಾಗವನ್ನೇ ದಾಟುತ್ತಾರೆ. ಸವಾರರ ಜೊತೆ ಬಿಡಿ ಕುದುರೆಗಳ ಹಿಂಡೂ ಓಡುತ್ತಿರುತ್ತದೆ. ದಿನಕ್ಕೆ ಎರಡು ಮೂರು ಸಲ ದಣಿದ ಕುದುರೆಯನ್ನು ಬಿಟ್ಟು ಹಿಂಡಿನಿಂದ ಇನ್ನೊಂದನ್ನು ಹತ್ತುತ್ತಾರೆ. ರಾತ್ರಿ ಗುಡ್ಡದ ಗುಡಿಸಲಿನಲ್ಲಿ ಮಲಗುವುದು. ಸವಾರಿ ಚೆನ್ನಾಗಿ ಬರುವವರು ಮಾತ್ರ ಯೋಚಿಸಬೇಕು. ಹೊಸಬರನ್ನು ಅವರೇ ಸೇರಿಸಿಕೊಳ್ಳುವುದಿಲ್ಲ.

ದುಡ್ಡಿನ ಲೆಕ್ಕ ಹೇಳುವುದಾದರೆ, ಒಂದು ಗಂಟೆಯ ಸವಾರಿಗೇ ಒಬ್ಬರಿಗೆ 10,000 ಐಸ್‌ಲ್ಯಾಂಡಿಕ್ ಕ್ರೋನಾದ ಮೇಲೆ ಇಟ್ಟುಕೊಳ್ಳಿ. ಹೊತ್ತು ಎರಡು ಪಟ್ಟಾದರೆ ಬೆಲೆ ಸಾಮಾನ್ಯವಾಗಿ ಎರಡು ಪಟ್ಟಾಗುವುದಿಲ್ಲ. ಎರಡು ಸಲ ಚಿಕ್ಕ ಸವಾರಿ ಮಾಡುವ ಬದಲು ಒಂದೇ ಸಲ ಉದ್ದದ್ದು ಮಾಡಿ. ನಾವು ಹಾಗೆ ಮಾಡದೆ ಎರಡು ಸಲ ದುಡ್ಡು ಕೊಟ್ಟೆವು.

ಯಾವ ಕಡೆ?

ರೇಕ್ಯಾವಿಕ್ ಸುತ್ತಮುತ್ತಲ ಲಾಯಗಳ ದೊಡ್ಡ ಅನುಕೂಲ ಅಂದರೆ ಹೋಟೆಲಿಗೇ ವ್ಯಾನ್ ಕಳಿಸುವುದು. ಕಾರು ಬೇಡ. ಹವ್ನಾರ್‌ಫ್ಯೋರ್ದುರ್ ಕಡೆ ಹಸಿರು ಪಾಚಿ ಹೊದ್ದ ಲಾವಾ ಬಂಡೆಗಳ ನಡುವೆ ದಾರಿ. ಊರಂಚಿನ ರೌದ್‌ಹೋಲರ್ ಕಡೆ ಕೆಂಪು ಬೂದಿ ಗುಡ್ಡಗಳು. ನೋಟ ಚೆನ್ನಾಗಿದೆ, ಆದರೆ ಊರು ತೀರಾ ದೂರ ಅನ್ನಿಸುವುದಿಲ್ಲ. ಬೇಸಿಗೆಯಲ್ಲಿ ಗುಂಪುಗಳೂ ದೊಡ್ಡವು. ಎರಡು ಮೂರು ರಾತ್ರಿಗೆ ಮಾತ್ರ ಬರುವವರು, ಲಂಡನ್ನಿನಿಂದಲೋ ಡಬ್ಲಿನ್ನಿನಿಂದಲೋ ವಾರದ ಕೊನೆಗೆ ಹಾರಿ ಬರುವ ನಮ್ಮವರು, ಇಲ್ಲೇ ಮುಗಿಸುವುದು ಸರಿ.

ಕ್ವೆರಗರ್ಡಿ ನನಗೆ ಇಷ್ಟವಾದ ಜಾಗ. ನೆಲದಿಂದ ಆವಿ ಏಳುವ ಊರು, ಬಿಸಿನೀರಿನಿಂದ ಕಾಯಿಸುವ ಗಾಜಿನ ಮನೆಗಳಲ್ಲಿ ಟೊಮೇಟೊ, ಹೂವು ಬೆಳೆಯುತ್ತಾರೆ. ಸುತ್ತ ಹುಲ್ಲು ಬಯಲು, ಆಚೆ ಬೆಟ್ಟ. ಬಯಲಾದ್ದರಿಂದ ಟೋಲ್ಟ್‌ಗೆ ಒಳ್ಳೆಯ ದಾರಿ. ರೇಕ್ಯಾವಿಕ್‌ಗೂ ಹತ್ತಿರ, ದಕ್ಷಿಣದ ಕರಾವಳಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ.

ಫೋಟೋ ನೋಡಿ ಮನಸೋಲುವುದು ವೀಕ್ ಊರಿಗೆ. ಕಪ್ಪು ಮರಳಿನ ದಡ, ಸಮುದ್ರದೊಳಗೆ ನಿಂತ ರೇನಿಸ್‌ದ್ರಾಂಗರ್ ಬಂಡೆಗಳು. ಹಡಗು ಎಳೆಯಲು ಹೋದ ರಾಕ್ಷಸರು ಬೆಳಗಾಗಿ ಕಲ್ಲಾದರು ಅಂತ ಅವರ ಕತೆ. ಅದರ ಮುಂದೆ ಕುದುರೆ ಮೇಲೆ ಕೂತು ಫೋಟೋ ತೆಗೆಸಿಕೊಳ್ಳದೆ ಬರಲು ಮನಸ್ಸು ಯಾರಿಗಿದೆ? ಆದರೆ ಇಲ್ಲಿಯ ಸವಾರಿಗಳು ಬಹುಪಾಲು ಒಂದು ಗಂಟೆಯವು. ಹೋದ ದಡದಲ್ಲೇ ವಾಪಸ್. ಮತ್ತೆ ಮಳೆ. ವೀಕ್ ಐಸ್‌ಲ್ಯಾಂಡಿನಲ್ಲೇ ಜಾಸ್ತಿ ಮಳೆ ಬೀಳುವ ಊರುಗಳಲ್ಲಿ ಒಂದು. ಆಗುಂಬೆ ಕಡೆಯವರಿಗೆ ನಗು ಬರಬಹುದು, ಆದರೆ ಇಲ್ಲಿಯ ಮಳೆ ಗಾಳಿಗೆ ಅಡ್ಡಡ್ಡ ಹೊಡೆಯುತ್ತದೆ, ಕೊಡೆಗೆ ಕೆಲಸವೇ ಇಲ್ಲ. ನಾವು ಹೋದ ದಿನ ಬಂಡೆಗಳೇ ಕಾಣಲಿಲ್ಲ. ನಾವು ಹತ್ತಲೂ ಇಲ್ಲ, ಕಾರಿನೊಳಗೆ ಕೂತು ಚಕ್ಕುಲಿ ತಿಂದೆವು.

ಪಕ್ಕದ ರೇನಿಸ್‌ಫ್ಯಾರಾ ದಡದ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲೆ ಶಾಂತವಾಗಿ ಕಾಣುತ್ತಿರುವಾಗಲೇ ಒಂದು ದೊಡ್ಡದು ಇದ್ದಕ್ಕಿದ್ದ ಹಾಗೆ ಮೇಲೆ ಬಂದು ಜನರನ್ನು ಎಳೆದುಕೊಂಡು ಹೋಗುತ್ತದೆ. ಪ್ರವಾಸಿಗರು ಸತ್ತಿದ್ದಾರೆ. ಮಲ್ಪೆ, ಗೋಕರ್ಣದ ಹಾಗೆ ಕಾಲು ಒದ್ದೆ ಮಾಡುವ ಜಾಗ ಇದಲ್ಲ. ಅಲ್ಲಿ ಹಾಕಿರುವ ಎಚ್ಚರಿಕೆಯ ದೀಪ, ಫಲಕ ನೋಡಿ, ನೀರಿಗೆ ಬೆನ್ನು ಹಾಕಬೇಡಿ.

ಸಮುದ್ರದ ದಡದಲ್ಲೇ ಸವಾರಿ ಬೇಕು ಅನ್ನುವ, ಸ್ವಲ್ಪ ಸವಾರಿ ಬರುವವರಿಗೆ ಪಶ್ಚಿಮದ ಸ್ನೈಫೆಲ್ಸ್‌ನೆಸ್ ಪರ್ಯಾಯ ದ್ವೀಪ ಹೇಳುತ್ತೇನೆ. ಅದರ ದಕ್ಷಿಣಕ್ಕೆ ಲೋಂಗುಫ್ಯೋರುರ್ ಅಂತ ಉದ್ದನೆಯ ಮರಳು ದಡ, ಹೆಸರಿನ ಅರ್ಥವೂ ಅದೇ. ಮರಳು ಕಪ್ಪಲ್ಲ, ತಿಳಿ ಬಣ್ಣದ್ದು. ಇಳಿತದ ಹೊತ್ತು ನೋಡಿಕೊಂಡು ನದಿಗಳು ಸಮುದ್ರ ಸೇರುವ ಜಾಗದಲ್ಲಿ ನೀರು ದಾಟಿಕೊಂಡು ಹೋಗುತ್ತಾರೆ. ದಾರಿ ಗೊತ್ತಿರುವ ಗೈಡ್ ಇಲ್ಲದೆ ಆಗುವ ಕೆಲಸವಲ್ಲ, ಭರತ ಬಂದರೆ ದಾರಿಯೇ ಇರುವುದಿಲ್ಲ. ನನ್ನ ಭಾವಮೈದ ಡಬ್ಲಿನ್‌ನಲ್ಲಿ ಎರಡು ವರ್ಷ ಸವಾರಿ ಕಲಿತವನು. ಇಲ್ಲಿ ಹೋಗಿ ಬಂದ ಮೇಲೆ ನಮ್ಮ ವೀಕ್ ಕತೆ ಕೇಳಿ ನಕ್ಕ. ಅವನ ಫೋಟೋದಲ್ಲಿ ಹಿಂದೆ 1,446 ಮೀಟರ್ ಎತ್ತರದ ಸ್ನೈಫೆಲ್ಸ್‌ಯೋಕುಟ್ಲ್ ಬೆಟ್ಟ ಹಿಮದ ಟೋಪಿ ಹಾಕಿಕೊಂಡು ನಿಂತಿದೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಉತ್ತರದ ಸ್ಕಾಗಾಫ್ಯೋರ್ದುರ್ ಕುದುರೆಯವರ ಸೀಮೆ. ಇಲ್ಲಿ ಕುದುರೆ ಪ್ರವಾಸಿಗರಿಗೆ ಅಂತ ಇಟ್ಟದ್ದಲ್ಲ, ಮನೆಮನೆಯ ವಿಷಯ. ಹೋಲರ್‌ನಲ್ಲಿ ಹಳೆಯ ಚರ್ಚಿನ ಪಕ್ಕದಲ್ಲೇ ಕುದುರೆ ಸಾಕಣೆ, ಸವಾರಿ ಕಲಿಸುವ ವಿಶ್ವವಿದ್ಯಾಲಯ ಇದೆ. ಸೆಪ್ಟೆಂಬರ್ ಕೊನೆಯ ಶನಿವಾರ ಲೌಫ್‌ಸ್ಕಾಲರೇಟ್ ಅನ್ನುವ ಜಾಗದಲ್ಲಿ, ಬೇಸಿಗೆ ಪೂರ್ತಿ ಗುಡ್ಡದ ಮೇಲೆ ಮೇಯ್ದ ನೂರಾರು ಕುದುರೆಗಳನ್ನು ಕೆಳಗೆ ಹೊಡೆದುಕೊಂಡು ಬಂದು ದುಂಡನೆಯ ದೊಡ್ಡಿಯಲ್ಲಿ ಕೂಡಿ, ಯಾವ ಕುದುರೆ ಯಾರದು ಅಂತ ಬೇರೆ ಮಾಡುತ್ತಾರೆ. ಜಾತ್ರೆಯೇ. ಹಾಡು, ಕುಡಿತ, ನೆಂಟರು. ಸಮಸ್ಯೆ ಏನೆಂದರೆ ದೂರ. ರೇಕ್ಯಾವಿಕ್‌ನಿಂದ ಸುಮಾರು 300 ಕಿಲೋಮೀಟರ್. ಒಂದು ಸವಾರಿಗಾಗಿ ಹೋಗಿ ಬರುವ ದೂರ ಅಲ್ಲ. ದೇಶ ಪೂರ್ತಿ ಸುತ್ತುವ ರಿಂಗ್ ರೋಡ್ ಪ್ರವಾಸವಾದರೆ ದಾರಿಯಲ್ಲೇ ಬರುತ್ತದೆ. ಆಗ ಸವಾರಿಯನ್ನು ಇಲ್ಲಿಗೇ ಇಟ್ಟುಕೊಳ್ಳಿ, ಬೇರೆ ಎಲ್ಲೂ ಹತ್ತಬೇಡಿ.

ನೋಡುವ ಜಾಗಗಳ ಜೊತೆ ಹೊಂದಿಸುವುದು

ಗೋಲ್ಡನ್ ಸರ್ಕಲ್‌ಗೆ ಒಂದು ಪೂರ್ತಿ ದಿನ ಕೊಡಿ. ಥಿಂಗ್ವೆಟ್ಲಿರ್‌ನಲ್ಲಿ ಕ್ರಿ.ಶ. 930ರಲ್ಲಿ ಬಯಲಲ್ಲೇ ಸಂಸತ್ತು ಸೇರಿದ ಜಾಗ ಇದೆ, ಭೂಮಿಯ ಹೊರಪದರದ ಎರಡು ಫಲಕಗಳು ಬೇರೆಯಾಗುತ್ತಿರುವ ಬಿರುಕಿನ ನಡುವೆ ನಡೆಯಬಹುದು. ಗೇಸಿರ್ ಹತ್ತಿರ ಸ್ಟ್ರೋಕುರ್ ಅನ್ನುವ ಬಿಸಿನೀರಿನ ಬುಗ್ಗೆ ಐದು ಹತ್ತು ನಿಮಿಷಕ್ಕೊಮ್ಮೆ ಚಿಮ್ಮುತ್ತದೆ. ನನ್ನ ಅಮ್ಮ ಅಲ್ಲಿಂದ ಕದಲಲಿಲ್ಲ, ‘ಇನ್ನೊಂದು ಸಲ ನೋಡಿ ಹೋಗೋಣ’ ಅಂತ ಏಳು ಸಲ ಆಯಿತು. ಗುಲ್‌ಫಾಸ್ ಜಲಪಾತದ ಎತ್ತರ 32 ಮೀಟರ್ ಅಂತ ಓದಿ, 253 ಮೀಟರ್ ಜೋಗ ನೋಡಿದ ನನಗೆ ಮೊದಲು ಅಸಡ್ಡೆ ಇತ್ತು. ಎತ್ತರದ ಲೆಕ್ಕ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಿಮನದಿ ಕರಗಿ ಬಂದ ನೀರು ಎರಡು ಮೆಟ್ಟಿಲಲ್ಲಿ ತಿರುಗಿ ಕಂದಕಕ್ಕೆ ನುಗ್ಗುವುದನ್ನು ಪಕ್ಕದಲ್ಲೇ ನಿಂತು ನೋಡಬಹುದು.

ದಕ್ಷಿಣದ ಕರಾವಳಿಯ ಸೆಲ್ಯಲಾಂಡ್ಸ್‌ಫಾಸ್, ಸ್ಕೋಗಾಫಾಸ್ ಎರಡೂ ಸುಮಾರು 60 ಮೀಟರ್. ಮೊದಲನೆಯದರ ಹಿಂದೆ ನಡೆದು ಹೋಗಬಹುದು, ಪೂರ್ತಿ ನೆನೆಯುತ್ತೀರಿ. ಆ ದಿನ ಸವಾರಿ ಬೇಡ. ಒದ್ದೆ ಪ್ಯಾಂಟಿನಲ್ಲಿ ಜೀನಿನ ಮೇಲೆ ಕೂತರೆ ಚರ್ಮ ತರಚುತ್ತದೆ.

ಮನೆಯಲ್ಲಿ ಎಲ್ಲರೂ ಹತ್ತುವುದಿಲ್ಲ, ಅಲ್ವಾ? ಹೆಚ್ಚಿನ ಲಾಯಗಳಲ್ಲಿ ಸವಾರರ ತೂಕಕ್ಕೆ 100–110 ಕಿಲೋ ಆಸುಪಾಸಿನ ಮಿತಿ ಇದೆ, ಮಕ್ಕಳಿಗೆ ಆರೇಳು ವರ್ಷವಾದರೂ ಆಗಿರಬೇಕು. ಬುಕ್ ಮಾಡುವಾಗಲೇ ಕೇಳಿ. ಅಮ್ಮ ಹತ್ತುವುದಿಲ್ಲ ಅಂದಾಗ ಮೊದಲ ಲಾಯದಲ್ಲಿ ಅವರಿಗೆ ಕೂರಲು ಬೆಂಚು ಬಿಟ್ಟರೆ ಏನೂ ಇರಲಿಲ್ಲ. ಎರಡನೆಯದರಲ್ಲಿ ಬೆಚ್ಚನೆ ಕೋಣೆ, ಕಾಫಿ ಇತ್ತು. ನಾವು ಬರುವಷ್ಟರಲ್ಲಿ ಲಾಯದ ಯಜಮಾನಿಗೆ ಅಮ್ಮ ಕೊಬ್ಬರಿ ಮಿಠಾಯಿ ಕೊಟ್ಟು, ಇಬ್ಬರೂ ಭಾಷೆ ಇಲ್ಲದೆ ಮಾತಾಡುತ್ತಾ ಕೂತಿದ್ದರು.

ಕಾರೋ ಬಸ್ಸೋ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಬೇಸಿಗೆಗೆ ಕಾರು, ಚಳಿಗಾಲಕ್ಕೆ ಬಸ್ಸು. ಅಲ್ಲಿ ಬಲಗಡೆ ಓಡಿಸಬೇಕು, ಡಾಂಬರು ರಸ್ತೆಯಲ್ಲಿ 90, ಜಲ್ಲಿ ರಸ್ತೆಯಲ್ಲಿ 80 ಕಿಲೋಮೀಟರ್ ಮಿತಿ. ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು. ಇಲ್ಲಿಂದ ಹೊರಡುವಾಗ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಕಾರಿನ ಬಾಗಿಲು ತೆಗೆಯುವಾಗ ಗಟ್ಟಿಯಾಗಿ ಹಿಡಿಯಿರಿ, ಗಾಳಿಗೆ ಬಾಗಿಲು ಕಿತ್ತುಕೊಂಡು ಹೋದರೆ ರಿಪೇರಿ ಖರ್ಚಿಗೆ ಇನ್ನೊಂದು ಪ್ರವಾಸ ಮಾಡಬಹುದು. ‘ಎಫ್’ ಅಂತ ಬರೆದ ಗುಡ್ಡದ ರಸ್ತೆಗಳಿಗೆ ಫೋರ್ ವೀಲ್ ಡ್ರೈವ್ ಇಲ್ಲದೆ ಹೋಗುವಂತಿಲ್ಲ, ಅವು ತೆರೆದಿರುವುದೂ ಬೇಸಿಗೆಯ ಕೆಲವು ತಿಂಗಳು ಮಾತ್ರ.

ವೀಸಾ ಷೆಂಗೆನ್, ಅದಕ್ಕೆ ಬೇಕಾದ ಪ್ರಯಾಣ ವಿಮೆ ಹೇಗೂ ಮಾಡಿಸುತ್ತೀರಿ. ಆ ವಿಮೆಯಲ್ಲಿ ಕುದುರೆ ಸವಾರಿ ಸೇರಿದೆಯೋ ‘ಸಾಹಸ ಕ್ರೀಡೆ’ ಅಂತ ಹೊರಗಿಟ್ಟಿದ್ದಾರೋ ಓದಿ ನೋಡಿ. ನಾನು ಓದಿದ್ದು ಎರಡನೇ ಸವಾರಿಯ ಹಿಂದಿನ ರಾತ್ರಿ, ಹೋಟೆಲ್ ಕೋಣೆಯಲ್ಲಿ.

ಯಾವ ತಿಂಗಳು

ಜೂನ್, ಜುಲೈಯಲ್ಲಿ ರಾತ್ರಿಯೇ ಇಲ್ಲದಂಥ ಬೆಳಕು. ರಾತ್ರಿ ಹತ್ತಕ್ಕೂ ಸವಾರಿ ಮಾಡಬಹುದು. ಬೆಲೆ, ಜನ ಎರಡೂ ಜಾಸ್ತಿ. ನನಗೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಹಿಡಿಸುತ್ತದೆ. ಕತ್ತಲಾಗಲು ಶುರುವಾಗುತ್ತದೆ, ಅದೃಷ್ಟ ಇದ್ದರೆ ಆಕಾಶದಲ್ಲಿ ಉತ್ತರದ ಬೆಳಕೂ (ಅರೋರಾ) ಕಾಣುತ್ತದೆ. ಕಡಲ ಹಕ್ಕಿ ಪಫಿನ್ ನೋಡಲೇಬೇಕು ಅನ್ನುವವರು ಆಗಸ್ಟ್ ಮಧ್ಯಕ್ಕೆ ಮುಂಚೆ ಬರಬೇಕು, ಆಮೇಲೆ ಅವು ಸಮುದ್ರಕ್ಕೆ ಹೊರಟುಬಿಡುತ್ತವೆ. ಡಿಸೆಂಬರ್‌ನಲ್ಲಿ ಹಗಲು ನಾಲ್ಕೈದು ಗಂಟೆ ಮಾತ್ರ. ಕುದುರೆಗಳು ಆಗ ದಟ್ಟ ಕೂದಲು ಬೆಳೆಸಿಕೊಂಡು ಕರಡಿಮರಿಗಳ ಹಾಗೆ ಇರುತ್ತವೆ, ಹಿಮದ ಮೇಲೆ ಸವಾರಿಯೂ ನಡೆಯುತ್ತದೆ. ಆಗ ಮಾತ್ರ ಒಂದು ಗಂಟೆಯದೇ ಸಾಕು, ಬೆರಳು ಒಪ್ಪುವುದಿಲ್ಲ.

ಊಟದ ವಿಷಯ ಸ್ವಲ್ಪ. ಐಸ್‌ಲ್ಯಾಂಡಿನವರು ಕುದುರೆ ಮಾಂಸವನ್ನೂ ತಿನ್ನುತ್ತಾರೆ. ಬೆಳಿಗ್ಗೆ ಸವರಿದ ಕತ್ತು ನೆನಪಿರುವವರು ಮೆನು ನೋಡಿ ಆರ್ಡರ್ ಮಾಡಿ. ಸಸ್ಯಾಹಾರಿಗಳಿಗೆ ಗಟ್ಟಿ ಮೊಸರಿನಂಥ ಸ್ಕೀರ್, ಕಪ್ಪು ರೈ ಬ್ರೆಡ್ ಎಲ್ಲ ಕಡೆ ಸಿಗುತ್ತದೆ, ಕೆಲವು ಕಡೆ ಬ್ರೆಡ್ಡನ್ನು ನೆಲದ ಬಿಸಿಯಲ್ಲೇ ಬೇಯಿಸುತ್ತಾರೆ. ನಾವು ಅನ್ನ ಮಾಡಿಕೊಂಡು, ಸ್ಕೀರ್‌ಗೆ ಹಾಲು ಬೆರೆಸಿ, ಒಗ್ಗರಣೆ ಹಾಕಿ ಮೊಸರನ್ನ ಮಾಡಿದೆವು. ಸ್ವಲ್ಪ ಹುಳಿ ಕಡಿಮೆ, ಉಪ್ಪಿನಕಾಯಿ ಇದ್ದರೆ ಗೊತ್ತಾಗುವುದಿಲ್ಲ.

ಸವಾರಿಗೆ ಅಂತ ಒಂದು ಜೊತೆ ಹಳೇ ಪ್ಯಾಂಟು ಬೇರೆ ಇಟ್ಟುಕೊಳ್ಳಿ. ಚೆನ್ನಾಗಿ ಒಗೆದದ್ದೇ ಆಗಿರಲಿ. ಇಳಿದ ಮೇಲೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿ ಹಾಕಿ. ನಾವು ಹಾಗೆ ಮಾಡಲಿಲ್ಲ. ಮೊದಲನೇ ದಿನ ಹತ್ತಿದ್ದರಿಂದ ಏಳು ದಿನವೂ ಕಾರಿನಲ್ಲಿ ಐವರು ಇದ್ದ ಹಾಗಿತ್ತು, ನಾವು ನಾಲ್ವರು ಮತ್ತು ಒಂದು ಕುದುರೆ.